ಫೋನೇ ಸಾಕೆ, ಮನೆಗೊಂದು ಕಂಪ್ಯೂಟರ್ ಬೇಕೆ?

ಮಗಳು ಪಿಯುಸಿ ಮುಗಿಸಿದ್ದಾಳೆ, ಅಪ್ಪನ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿದೆ, ಕೈಯಲ್ಲಿರುವುದು ಮೂವತ್ತು ಸಾವಿರ ರೂಪಾಯಿ. ಒಳ್ಳೆಯ ಫೋನೊಂದನ್ನು ತೆಗೆದುಕೊಂಡರೆ ಎಲ್ಲ ಕೆಲಸ ಅದರಲ್ಲೇ ಆಗುತ್ತದೆ ಎನ್ನುವವರು ಮನೆಯಲ್ಲಿ ಒಬ್ಬರಿರುತ್ತಾರೆ. ಓದುವ ಮಕ್ಕಳಿರುವಾಗ ಕಂಪ್ಯೂಟರ್ ಇಲ್ಲದಿದ್ದರೆ ಹೇಗೆ ಎನ್ನುವವರು ಇನ್ನೊಬ್ಬರು. ಮೇ-ಜೂನ್ ಬಂತೆಂದರೆ ಪರಿಚಿತರಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ಕೆಲಸಕ್ಕೆ ಬಹಳಷ್ಟು ಮನೆಗಳಿಗೆ ಫೋನೇ ಸಾಕು, ಅದರಲ್ಲಿ ಕೊರತೆಯೆಂದು ಕೊರಗುವುದೇನೂ ಇಲ್ಲ. ಆದರೆ ಮನೆಯಲ್ಲಿ ಒಬ್ಬರಾದರೂ ಬರೆಯುವವರು, ಲೆಕ್ಕಪತ್ರ ನೋಡುವವರು ಅಥವಾ ಪರೀಕ್ಷೆಗೆ ತಯಾರಾಗುತ್ತಿರುವವರು ಇದ್ದರೆ, ಮೂವತ್ತು ಸಾವಿರದ ಒಂದು ಫೋನಿಗಿಂತ ಹದಿನೈದು ಸಾವಿರದೊಳಗಿನ ಒಂದು ಫೋನು ಮತ್ತು ಹೆಚ್ಚುಕಡಿಮೆ ಅಷ್ಟೇ ಬೆಲೆಯ ಒಂದು ಹಳೆಯ ಲ್ಯಾಪ್‌ಟಾಪು ಎಷ್ಟೋ ಮೇಲು. ದುಬಾರಿ ಫೋನಿಗೆ ನೀವು ಕೊಡುವ ಹೆಚ್ಚಿನ ಹಣ ಹೋಗುವುದು ಕ್ಯಾಮೆರಾಕ್ಕೆ, ಪರದೆಯ ಹೊಳಪಿಗೆ, ಗೇಮಿನ ವೇಗಕ್ಕೆ. ಅರ್ಜಿ ತುಂಬುವುದಕ್ಕೂ ಪ್ರಬಂಧ ಬರೆಯುವುದಕ್ಕೂ ಅದರಿಂದ ಏನೂ ದಕ್ಕುವುದಿಲ್ಲ.

ಫೋನಿನಲ್ಲಿ ಮಾತ್ರ ಆಗುವ ಕೆಲಸಗಳು

ಕಂಪ್ಯೂಟರ್ ದೊಡ್ಡದು, ಫೋನು ಅದರ ಚಿಕ್ಕ ರೂಪ ಎಂದು ತಿಳಿದವರು ಇನ್ನೂ ಇದ್ದಾರೆ. ಅದು ಸರಿಯಲ್ಲ. ಎಷ್ಟೋ ಕೆಲಸಗಳಿಗೆ ಈಗ ಫೋನೇ ಮೂಲ, ಕಂಪ್ಯೂಟರಿಗೆ ಅಲ್ಲಿ ಪ್ರವೇಶವೇ ಇಲ್ಲ. ಯುಪಿಐ 2016ರಲ್ಲಿ ಬಂದಾಗಿನಿಂದಲೂ ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಇರುವ ಫೋನನ್ನೇ ನಂಬಿಕೊಂಡಿದೆ. ನೆಟ್ ಬ್ಯಾಂಕಿಂಗ್ ಅನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೂ ಓಟಿಪಿ ಬರುವುದು ಫೋನಿಗೆ. ಆಧಾರ್ ಜೋಡಿಸಿದ ಯಾವ ಸೇವೆಗೂ ಇದೇ ಕಥೆ. ಹಾಗಾಗಿ 'ಕಂಪ್ಯೂಟರ್ ಮಾತ್ರ ಇಟ್ಟುಕೊಳ್ಳುತ್ತೇನೆ' ಎಂಬ ಆಯ್ಕೆ ಇಂದು ನಮ್ಮಲ್ಲಿ ಉಳಿದಿಲ್ಲ. ನಾವು ಹೋಲಿಸುತ್ತಿರುವುದು 'ಫೋನು ಮಾತ್ರ' ಮತ್ತು 'ಫೋನು ಜೊತೆಗೆ ಕಂಪ್ಯೂಟರು', ಇವೆರಡನ್ನೇ.

ರೈತರ ಮನೆಯನ್ನು ತೆಗೆದುಕೊಳ್ಳಿ. ರಾಜ್ಯ ಸರ್ಕಾರದ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ರೈತರೇ ತಮ್ಮ ಜಮೀನಿನ ಬೆಳೆಯ ವಿವರ ಸೇರಿಸಬಹುದು. ಅದಕ್ಕೆ ಹೊಲದಲ್ಲಿ ನಿಂತು, ಜಿಪಿಎಸ್ ಹಾಕಿಕೊಂಡು, ಫೋಟೊ ತೆಗೆಯಬೇಕು. ಬೆಳೆ ವಿಮೆಗೂ ಬೆಂಬಲ ಬೆಲೆಯ ಖರೀದಿಗೂ ಈ ವಿವರ ಆಧಾರವಾಗುವುದರಿಂದ ಇದು ಸಣ್ಣ ವಿಷಯವಲ್ಲ. ದಿಶಾಂಕ್ ಆ್ಯಪ್ ಕೂಡ ಹಾಗೆಯೇ: ನೀವು ನಿಂತ ಜಾಗ ಯಾವ ಸರ್ವೆ ನಂಬರಿಗೆ ಸೇರಿದ್ದು, ಅದರಲ್ಲಿ ಕೆರೆ, ಖರಾಬು, ರಸ್ತೆ ಏನಾದರೂ ಸೇರಿದೆಯೇ ಎಂಬುದನ್ನು ಅಲ್ಲೇ ನೋಡಬಹುದು. ಸೈಟು ಕೊಳ್ಳಲು ಹೊರಟವರು ದಲ್ಲಾಳಿಯ ಎದುರಿಗೇ ಇದನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ಈ ಕೆಲಸಕ್ಕೆ ಲಕ್ಷ ರೂಪಾಯಿಯ ಲ್ಯಾಪ್‌ಟಾಪು ಇದ್ದರೂ ಪ್ರಯೋಜನವಿಲ್ಲ.

ಪಹಣಿ ನೋಡುವುದು, ಡಿಜಿಲಾಕರಿನಲ್ಲಿ ಅಂಕಪಟ್ಟಿ ತೋರಿಸುವುದು, ಬಸ್ಸು-ರೈಲಿನ ಟಿಕೆಟ್, ಗ್ಯಾಸ್ ಬುಕಿಂಗ್, ವಿದ್ಯುತ್ ಬಿಲ್ಲು ಇವೆಲ್ಲ ಫೋನಿನಲ್ಲಿ ಎರಡು ನಿಮಿಷದ ಕೆಲಸ. ಸ್ಕ್ಯಾನರು ಬೇರೆ ಬೇಡ. ಗೂಗಲ್ ಡ್ರೈವ್ ಆ್ಯಪಿನಲ್ಲೇ ಕಾಗದವನ್ನು ಸ್ಕ್ಯಾನ್ ಮಾಡಿದರೆ ಅಂಚು ಸರಿಪಡಿಸಿ ಪಿಡಿಎಫ್ ಆಗಿ ಕೊಡುತ್ತದೆ. ಹಳೆಯ ಕನ್ನಡ ಪುಸ್ತಕದ ಪುಟಕ್ಕೆ ಗೂಗಲ್ ಲೆನ್ಸ್ ಹಿಡಿದರೆ ಅಕ್ಷರಗಳನ್ನು ಗುರುತಿಸಿ ನಕಲು ಮಾಡಿಕೊಳ್ಳಲು ಬಿಡುತ್ತದೆ. ತಪ್ಪು ಇರುತ್ತದೆ, ತಿದ್ದಬೇಕು. ಆದರೂ ಇಡೀ ಪುಟ ಬೆರಳಚ್ಚು ಮಾಡುವ ಶ್ರಮ ತಪ್ಪುತ್ತದೆ.

ಕರೆಂಟಿನ ವಿಷಯದಲ್ಲೂ ಫೋನಿನದೇ ಮೇಲುಗೈ. 5000 ಎಂಎಎಚ್ ಬ್ಯಾಟರಿಯ ಫೋನು ಪೂರ್ತಿ ಚಾರ್ಜ್ ಆಗಲು, ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ, ಸುಮಾರು 25 ವ್ಯಾಟ್-ಅವರ್ ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿ ನಲವತ್ತು ಸಲ ಚಾರ್ಜ್ ಮಾಡಬಹುದು. ಮಾನಿಟರ್ ಸೇರಿ 100 ವ್ಯಾಟ್ ಎಳೆಯುವ ಡೆಸ್ಕ್‌ಟಾಪು ಅದೇ ಒಂದು ಯೂನಿಟ್ಟನ್ನು ಹತ್ತು ಗಂಟೆಯಲ್ಲಿ ಮುಗಿಸುತ್ತದೆ. ಗೃಹಜ್ಯೋತಿಯ ಮಿತಿಯೊಳಗಿರುವ ಮನೆಗೆ ಬಿಲ್ಲಿನ ಚಿಂತೆ ಅಷ್ಟಿಲ್ಲದಿರಬಹುದು, ಆದರೆ ಹಳ್ಳಿಯಲ್ಲಿ ಕರೆಂಟು ಹೋದಾಗ ಯುಪಿಎಸ್ ಇಲ್ಲದ ಡೆಸ್ಕ್‌ಟಾಪು ಬರೆದದ್ದನ್ನೆಲ್ಲ ನುಂಗಿಕೊಂಡು ಆರಿಹೋಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಡೆಸ್ಕ್‌ಟಾಪನ್ನು ನಾನು ಯಾರಿಗೂ ಹೇಳುವುದಿಲ್ಲ. ಕಂಪ್ಯೂಟರ್ ಬೇಕೇ ಬೇಕೆಂದರೆ ಲ್ಯಾಪ್‌ಟಾಪೇ ಸರಿ.

ವಯಸ್ಸಾದವರಿಗೆ? ಫೋನು, ಇಲ್ಲವೇ ಹತ್ತು-ಹನ್ನೊಂದು ಇಂಚಿನ ಟ್ಯಾಬ್. ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಇರುವ ಮೊಮ್ಮಕ್ಕಳ ಮುಖ ದೊಡ್ಡದಾಗಿ ಕಾಣಬೇಕು, ಅಕ್ಷರ ದೊಡ್ಡದಿರಬೇಕು, ಮೌಸಿನ ಬಾಣ ಎಲ್ಲಿ ಹೋಯಿತೆಂದು ಹುಡುಕುವ ತಾಪತ್ರಯ ಇರಬಾರದು. ಇದರಲ್ಲಿ ಹೆಚ್ಚು ಯೋಚಿಸುವಂಥದ್ದಿಲ್ಲ.

ಪರದೆ ಚಿಕ್ಕದಾದರೆ ಏನು ತಪ್ಪುತ್ತದೆ

ಆರೂವರೆ ಇಂಚು ಮತ್ತು ಹದಿನೈದೂವರೆ ಇಂಚು ಎಂದಾಗ ಎರಡೂವರೆ ಪಟ್ಟು ವ್ಯತ್ಯಾಸ ಎನಿಸುತ್ತದೆ. ಆದರೆ ಅದು ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ. ವಿಸ್ತೀರ್ಣ ತೆಗೆದರೆ ಮಾಮೂಲಿ ಫೋನಿನ ಪರದೆ ಸುಮಾರು 16 ಚದರ ಇಂಚು, 15.6 ಇಂಚಿನ ಲ್ಯಾಪ್‌ಟಾಪಿನದು ಸುಮಾರು 104 ಚದರ ಇಂಚು. ಆರೂವರೆ ಪಟ್ಟು. ಅದರ ಮೇಲೆ ಫೋನಿನಲ್ಲಿ ಕೀಲಿಮಣೆ ತೆರೆದಾಗ ಪರದೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಅದಕ್ಕೇ ಹೋಗುತ್ತದೆ. ಬರೆದದ್ದನ್ನು ನೋಡಲು ಉಳಿಯುವುದು ನಾಲ್ಕೈದು ಸಾಲು.

ಈ ವ್ಯತ್ಯಾಸ ನಿಜವಾಗಿ ಕಾಡುವುದು ಎರಡು ವಿಷಯಗಳನ್ನು ಒಟ್ಟಿಗೆ ಕಣ್ಣೆದುರು ಇಟ್ಟುಕೊಳ್ಳಬೇಕಾದಾಗ. ಇದಕ್ಕೆ ಸಿಇಟಿಯ ಆಪ್ಷನ್ ಎಂಟ್ರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪರೀಕ್ಷೆ ಓಎಂಆರ್ ಹಾಳೆಯಲ್ಲಿ ನಡೆದರೂ ಸೀಟು ತೀರ್ಮಾನವಾಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ನೀವು ಕೊಡುವ ಆದ್ಯತೆಯ ಪಟ್ಟಿಯ ಮೇಲೆ. ಒಬ್ಬ ವಿದ್ಯಾರ್ಥಿ ಕಾಲೇಜು ಮತ್ತು ಕೋರ್ಸುಗಳ ನೂರಾರು ಜೋಡಿಗಳನ್ನು ಕ್ರಮವಾಗಿ ನಮೂದಿಸಬಹುದು. ಪಟ್ಟಿಯಲ್ಲಿ ಮೇಲಿರುವುದು ಸಿಕ್ಕಿದರೆ ಕೆಳಗಿನದನ್ನು ನೋಡುವುದೇ ಇಲ್ಲ, ಅಂದರೆ ಏಳನೆಯದು ಎಂಟಾಗಿ ಎಂಟನೆಯದು ಏಳಾಗಿ ಅದಲುಬದಲಾದರೆ ನಾಲ್ಕು ವರ್ಷ ಬೇರೆ ಊರಿನಲ್ಲಿ, ಬೇರೆ ವಿಭಾಗದಲ್ಲಿ ಓದಬೇಕಾಗಬಹುದು. ಹಿಂದಿನ ವರ್ಷದ ಕಟ್ ಆಫ್ ರ್‍ಯಾಂಕಿನ ಪಿಡಿಎಫ್ ಒಂದು ಕಡೆ, ಶುಲ್ಕದ ವಿವರ ಒಂದು ಕಡೆ, ನಿಮ್ಮ ಪಟ್ಟಿ ಒಂದು ಕಡೆ. ಇದನ್ನು ಫೋನಿನಲ್ಲಿ ಮಾಡುವಾಗ ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇರಬೇಕು, ಹಾರಿದಾಗ ಮೊದಲಿನದು ಮರೆತುಹೋಗುತ್ತದೆ. ಅಷ್ಟರಲ್ಲಿ ಜಾಲತಾಣ ಹೊರಹಾಕಿದರೆ ಮತ್ತೆ ಓಟಿಪಿ. ಫೋನು ಮಾತ್ರ ಇರುವ ಮನೆಯವರು ಮೊದಲು ಕಾಗದದ ಮೇಲೆ ಇಡೀ ಪಟ್ಟಿ ಬರೆದುಕೊಂಡು, ಕೊನೆಗೆ ನಮೂದಿಸುವ ಒಂದು ದಿನದ ಮಟ್ಟಿಗಾದರೂ ಕಂಪ್ಯೂಟರ್ ಇರುವವರ ಮನೆಗೆ ಹೋಗಬೇಕೆಂದು ನಾನು ಒತ್ತಾಯಿಸುತ್ತೇನೆ.

ಪರೀಕ್ಷೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ ಸೇರಿಸಬೇಕು, ಇದನ್ನು ತುಂಬ ಜನ ಗಮನಿಸುವುದಿಲ್ಲ. ಜೆಇಇ ಮೇನ್, ಐಬಿಪಿಎಸ್ ನಡೆಸುವ ಬ್ಯಾಂಕ್ ಪರೀಕ್ಷೆಗಳು, ಎಸ್‌ಎಸ್‌ಸಿಯ ಹಲವು ಪರೀಕ್ಷೆಗಳು ಕಂಪ್ಯೂಟರಿನ ಮೇಲೇ ನಡೆಯುತ್ತವೆ. ಪ್ರಶ್ನೆ ಮಾನಿಟರಿನಲ್ಲಿ, ಉತ್ತರ ಮೌಸಿನಲ್ಲಿ, ಮೂಲೆಯಲ್ಲಿ ಸಮಯ ಇಳಿಯುತ್ತಿರುತ್ತದೆ. ವರ್ಷವಿಡೀ ಫೋನಿನಲ್ಲಿ ಮಾಕ್ ಟೆಸ್ಟ್ ಬರೆದ ಹುಡುಗ ಪರೀಕ್ಷಾ ಕೇಂದ್ರದಲ್ಲಿ ಮೊದಲ ಸಲ ಮೌಸು ಹಿಡಿದರೆ, ಗೊತ್ತಿರುವ ಉತ್ತರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ. ನಗರದ ಮಕ್ಕಳಿಗೆ ಈ ಅಡ್ಡಿ ಇಲ್ಲ. ತಾಲ್ಲೂಕು ಕೇಂದ್ರಗಳಿಂದ, ಹಳ್ಳಿಗಳಿಂದ ಬರುವ ಮಕ್ಕಳಿಗೆ ಇದೆ. ಮುಂದೆ ರಾಜ್ಯ ಸರ್ಕಾರದ ಕೆಲಸ ಸಿಕ್ಕರೂ 2012ರ ನಿಯಮಗಳ ಪ್ರಕಾರ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿರುವ ಮನೆಗೆ ಕಂಪ್ಯೂಟರ್ ಬೇಕು ಎನ್ನಲು ಇಷ್ಟೇ ಕಾರಣ ಸಾಕು.

ಕನ್ನಡದಲ್ಲಿ ಬರೆಯುವವರಿಗೆ

ಇದು ನನಗೆ ಹತ್ತಿರದ ವಿಷಯ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕನ್ನಡ ಬರಹವನ್ನು ಸಾಮಾನ್ಯರ ಕೈಗೆ ತಲುಪಿಸಿದ್ದರಲ್ಲಿ ಫೋನಿನ ಪಾಲು ದೊಡ್ಡದು. ಕೀಲಿಮಣೆಯ ವಿನ್ಯಾಸ ಕಲಿಯದ ಕೋಟ್ಯಂತರ ಜನ ಇಂದು ವಾಟ್ಸ್ಯಾಪಿನಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದಾರೆ. ಗೂಗಲಿನ ಕೀಲಿಮಣೆ ಆ್ಯಪ್ ಜಿಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯಬಹುದು, ನೇರವಾಗಿ ಕನ್ನಡ ಅಕ್ಷರವನ್ನೇ ಒತ್ತಬಹುದು, ಬೆರಳಿನಿಂದ ಪರದೆಯ ಮೇಲೆ ಬರೆಯಬಹುದು, ಮಾತಾಡಿ ಬರೆಸಬಹುದು. ನಾಲ್ಕು ಸಾಲಿನ ಸಂದೇಶಕ್ಕೆ, ಸಣ್ಣ ಪ್ರತಿಕ್ರಿಯೆಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ.

ಬರಹ ಉದ್ದವಾದಾಗ ತೊಡಕು ಶುರುವಾಗುತ್ತದೆ. ಇಂಗ್ಲಿಷ್ ಅಕ್ಷರದಿಂದ ಕನ್ನಡ ಪಡೆಯುವ ವಿಧಾನದಲ್ಲಿ ಲ-ಳ, ನ-ಣ, ತ-ಟ, ಅಲ್ಪಪ್ರಾಣ-ಮಹಾಪ್ರಾಣ ಯಾವುದು ಬೇಕೆಂದು ನೀವು ಹೇಳುವುದಿಲ್ಲ, ಆ್ಯಪ್ ಊಹಿಸುತ್ತದೆ. ಎಲ್ಲರೂ ಬಳಸುವ ಪದಕ್ಕೆ ಊಹೆ ಸರಿಹೋಗುತ್ತದೆ. ಊರಿನ ಹೆಸರು, ಕುಲನಾಮ, ಬೆಳೆಯ ಹೆಸರು, ಹಳ್ಳಿಯ ಮಾತು ಬಂದಾಗ ಪ್ರತಿ ಸಲವೂ ನಿಂತು ಪಟ್ಟಿಯಿಂದ ಆರಿಸಬೇಕು. ಮಾತಿನಿಂದ ಬರೆಸುವಾಗ ಶಿಷ್ಟ ಕನ್ನಡ ಚೆನ್ನಾಗಿ ಬರುತ್ತದೆ. ಧಾರವಾಡದ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ಆಡಿದರೆ ಅದು ತನಗೆ ತಿಳಿದ ಇನ್ಯಾವುದೋ ಪದವನ್ನು ತಂದಿಡುತ್ತದೆ. ಕತೆ ಬರೆಯುವವರಿಗೆ, ಹಾಡು-ಗಾದೆ ಸಂಗ್ರಹಿಸುವವರಿಗೆ ಇದು ಸಣ್ಣ ತೊಂದರೆಯಲ್ಲ. ತಿದ್ದುವುದು ಇನ್ನೂ ಕಷ್ಟ: ಮೂರನೇ ಪ್ಯಾರಾವನ್ನು ಎತ್ತಿ ಮೊದಲಿಗೆ ಇಡಬೇಕೆಂದರೆ ಬೆರಳಿನಿಂದ ಅಷ್ಟುದ್ದ ಆಯ್ದುಕೊಳ್ಳುವಷ್ಟರಲ್ಲಿ ಯೋಚನೆಯ ಎಳೆ ಕಡಿದುಹೋಗಿರುತ್ತದೆ.

ಕಂಪ್ಯೂಟರಿನ ಕಡೆ ನಮಗೆ ಕನ್ನಡ ಗಣಕೀಕರಣದಲ್ಲಿ ಹೆಸರಾದ ಕೆ. ಪಿ. ರಾವ್ ಕೊಟ್ಟ ಕೀಲಿಮಣೆಯ ವಿನ್ಯಾಸವಿದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಎಲ್ ಒತ್ತಿದರೆ ಲ, ಶಿಫ್ಟಿನೊಂದಿಗೆ ಳ. ಒತ್ತಕ್ಷರಕ್ಕೆ ನಡುವೆ ಎಫ್. ಏನು ಒತ್ತುತ್ತೀರೋ ಅದೇ ಮೂಡುತ್ತದೆ, ಊಹೆ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಳಸುವುದು ಈ ವಿನ್ಯಾಸವನ್ನೇ. ವಿಂಡೋಸಿನ ಬದಲು ಉಚಿತವಾಗಿ ಹಾಕಿಕೊಳ್ಳಬಹುದಾದ ಲಿನಕ್ಸಿನಲ್ಲಿ ಇದು ಪರಿಷತ್ತಿನ ಹೆಸರಿನ ಚಿಕ್ಕ ರೂಪವಾದ 'ಕಗಪ' ಎಂಬ ಹೆಸರಿನಲ್ಲಿ ಮೊದಲೇ ಸೇರಿಕೊಂಡು ಬರುತ್ತದೆ. ವಿಂಡೋಸಿನಲ್ಲಿ 2019ರಿಂದ ಕನ್ನಡಕ್ಕೆ ಉಚ್ಚಾರಣೆಯನ್ನು ಆಧರಿಸಿದ ಕೀಲಿಮಣೆಯೂ ಇದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಕೂತರೆ ಕೀಲಿಗಳು ಬೆರಳಿಗೆ ಹತ್ತುತ್ತವೆ. ಆಮೇಲೆ ಕಣ್ಣು ಪರದೆಯ ಮೇಲಿರುತ್ತದೆ, ಮನಸ್ಸು ವಾಕ್ಯದ ಮೇಲಿರುತ್ತದೆ. ಒಂದು ಪುಟಕ್ಕಿಂತ ಹೆಚ್ಚು ಬರೆಯುವ ಅಭ್ಯಾಸವಿರುವ ಯಾರಿಗೇ ಆಗಲಿ, ಪತ್ರಿಕೆಯ ಬಿಡಿ ವರದಿಗಾರರು, ಶಾಲಾ ಶಿಕ್ಷಕರು, ಎಂ.ಎ. ವಿದ್ಯಾರ್ಥಿಗಳು, ವಕೀಲರು ಯಾರೇ ಆಗಲಿ, ಕೀಲಿಮಣೆಯಿರುವ ಯಂತ್ರ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ.

ಪುಸ್ತಕ ಅಚ್ಚು ಮಾಡಿಸುವವರಿಗೆ ಇನ್ನೊಂದು ಕಾರಣವಿದೆ. ನಮ್ಮ ಎಷ್ಟೋ ಮುದ್ರಣಾಲಯಗಳು ಈಗಲೂ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲೇ ಪುಟ ವಿನ್ಯಾಸ ಮಾಡುತ್ತವೆ. ಅಂಥ ಕಡತವನ್ನು ಫೋನಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಹೊಂದಿಕೊಳ್ಳದ ಅರ್ಕಾವತ್ತು-ಒತ್ತಕ್ಷರಗಳನ್ನು ತಿದ್ದುವ ಕೆಲಸ ಕಂಪ್ಯೂಟರಿನಲ್ಲೇ ಆಗಬೇಕು.

ಹಾಗೆಂದು ಕಂಪ್ಯೂಟರ್ ಇಲ್ಲದವರು ಬರೆಯುವುದನ್ನು ನಿಲ್ಲಿಸಬೇಕಿಲ್ಲ. ಕರಡನ್ನು ಫೋನಿನಲ್ಲಿ ಮಾತಾಡಿ ಬರೆಸಿ ಗೂಗಲ್ ಡಾಕ್ಸಿನಲ್ಲಿ ಇಟ್ಟುಕೊಂಡರೆ, ತಿದ್ದುವುದನ್ನು ಯಾವುದಾದರೂ ಕಂಪ್ಯೂಟರಿನಲ್ಲಿ ಕೂತಾಗ ಮಾಡಿಕೊಳ್ಳಬಹುದು. ಬಸ್ಸಿನಲ್ಲಿ ಹೊಳೆದದ್ದನ್ನು ಹಿಡಿದಿಡಲು ಫೋನು, ಮನೆಗೆ ಬಂದು ಕೂತು ಕಟ್ಟಲು ಲ್ಯಾಪ್‌ಟಾಪು: ನನ್ನ ಬರವಣಿಗೆ ನಡೆಯುವುದು ಹೀಗೆ.

ಅಂಗಡಿ, ವ್ಯವಹಾರ

ಕಿರಾಣಿ ಅಂಗಡಿ, ಹಾಲಿನ ವ್ಯಾಪಾರ, ಟೈಲರಿಂಗ್ ಇವುಗಳ ಉದ್ರಿ ಲೆಕ್ಕ, ಚಿಕ್ಕ ಬಿಲ್ಲುಗಳಿಗೆ ಖಾತಾಬುಕ್, ವ್ಯಾಪಾರ್‌ನಂಥ ಆ್ಯಪ್‌ಗಳು ಸಾಕು. ಜಿಎಸ್‌ಟಿ ನೋಂದಣಿಯಾಗಿ, ನಿಮ್ಮ ಆಡಿಟರು ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದಲ್ಲಿ ಲೆಕ್ಕ ಕೇಳಲು ಶುರುಮಾಡಿದ ದಿನ ವಿಂಡೋಸ್ ಕಂಪ್ಯೂಟರ್ ಬೇಕಾಗುತ್ತದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವ ಕೆಲಸಗಳೂ ಹಾಗೆಯೇ. ಕಂಪನಿಗಳ ರಿಟರ್ನ್ಸು, ರಾಜ್ಯದ ಇ-ಸಂಗ್ರಹಣಾ ಪೋರ್ಟಲಿನ ಟೆಂಡರು ಇವಕ್ಕೆ ಫೋನನ್ನು ನಂಬಿ ಕೊನೆಯ ದಿನದವರೆಗೆ ಕಾಯಬೇಡಿ.

ವರ್ಷಕ್ಕೆರಡು ಸಲ ಮಾತ್ರ ಬೇಕಾದರೆ

ಕಂಪ್ಯೂಟರಿನ ಅಗತ್ಯ ಅಪರೂಪಕ್ಕೆ ಬರುವ ಮನೆಗಳಿವೆ. ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಒಂದು ಅರ್ಜಿ, ಒಂದು ಪ್ರಿಂಟು. ಅವರು ಯಂತ್ರವನ್ನೇ ಕೊಂಡು ಮೂಲೆಯಲ್ಲಿ ಧೂಳು ತಿನ್ನಿಸುವುದಕ್ಕಿಂತ ಗ್ರಾಮ ಒನ್ ಕೇಂದ್ರಕ್ಕೋ ಊರಿನ ಸೈಬರ್ ಅಂಗಡಿಗೋ ಹೋಗುವುದೇ ಸರಿ. ಎರಡು ಎಚ್ಚರಿಕೆ ಮಾತ್ರ ಇರಲಿ. ಅರ್ಜಿಗೆ ನಿಮ್ಮದೇ ಮೊಬೈಲ್ ನಂಬರು, ನಿಮ್ಮದೇ ಇಮೇಲು, ನಿಮ್ಮದೇ ಪಾಸ್‌ವರ್ಡು ಕೊಡಿಸಿ. ಅಂಗಡಿಯವರ ನಂಬರು ಕೊಟ್ಟುಬಿಟ್ಟರೆ ಮುಂದಿನ ವರ್ಷ ನವೀಕರಣಕ್ಕೆ ಓಟಿಪಿ ಅವರಿಗೆ ಹೋಗುತ್ತದೆ, ಆ ಅಂಗಡಿ ಅಷ್ಟರಲ್ಲಿ ಮುಚ್ಚಿದ್ದರೂ ಮುಚ್ಚಿರಬಹುದು. ಎರಡನೆಯದು, ಕೆಲಸ ಮುಗಿದ ಮೇಲೆ ನಿಮ್ಮ ಆಧಾರ್, ಪ್ಯಾನ್, ಅಂಕಪಟ್ಟಿಯ ಪ್ರತಿಗಳನ್ನು ಅವರ ಡೌನ್‌ಲೋಡ್ಸ್ ಕಡತಕೋಶದಿಂದ ನಿಮ್ಮೆದುರೇ ಅಳಿಸಲು ಕೇಳಿ, ರೀಸೈಕಲ್ ಬಿನ್ನಿನಿಂದಲೂ.

ಕಡತಗಳು ಎಲ್ಲಿ ಉಳಿಯುತ್ತವೆ

ಫೋನಿನಲ್ಲಿ ಒಂದು ಕಾಗದ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ 'ವಾಟ್ಸ್ಯಾಪಿನಲ್ಲಿ ಯಾರೋ ಕಳಿಸಿದ್ದರು' ಎಂದು. ಮನೆಯ ಕ್ರಯಪತ್ರ, ಆಸ್ಪತ್ರೆಯ ರಿಪೋರ್ಟು, ಮಗುವಿನ ಮೊದಲ ವರ್ಷದ ಫೋಟೊ ಎಲ್ಲ ಶುಭೋದಯದ ಚಿತ್ರಗಳ ನಡುವೆ ಹುದುಗಿರುತ್ತವೆ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. 2021ರ ಜೂನ್ 1ರಿಂದ ಫೋಟೊಗಳೂ ಅದರಲ್ಲೇ ಲೆಕ್ಕಕ್ಕೆ ಬರುತ್ತವೆ. ಜಿಮೇಲೂ ಆಂಡ್ರಾಯ್ಡಿನ ವಾಟ್ಸ್ಯಾಪ್ ಬ್ಯಾಕಪ್ಪೂ ಈಗ ಅದರೊಳಗೇ. ಒಂದೆರಡು ವರ್ಷದಲ್ಲಿ ತುಂಬಿ, ಹಣ ಕಟ್ಟಿ ಎಂಬ ಸೂಚನೆ ಬರುತ್ತದೆ. ಕಟ್ಟುವುದೂ ಒಂದು ದಾರಿಯೇ, ತಪ್ಪೇನಿಲ್ಲ. ಆದರೆ ಮನೆಯಲ್ಲಿ ಒಂದು ಕಂಪ್ಯೂಟರೂ ಒಂದು ಹೊರಗಿನ ಹಾರ್ಡ್ ಡಿಸ್ಕೂ ಇದ್ದರೆ ವರ್ಷವಾರು ಕಡತಕೋಶ ಮಾಡಿ ಇಟ್ಟುಕೊಳ್ಳಬಹುದು, ಫೋನು ಬಸ್ಸಿನಲ್ಲಿ ಕಳೆದರೂ ನೆನಪುಗಳು ಕಳೆಯುವುದಿಲ್ಲ. ಕಂಪ್ಯೂಟರ್ ಇಲ್ಲದವರು ಫೋನಿಗೇ ಸಿಕ್ಕಿಸಬಹುದಾದ ಒಟಿಜಿ ಪೆನ್‌ಡ್ರೈವ್‌ಗೆ ತಿಂಗಳಿಗೊಮ್ಮೆ ನಕಲು ಮಾಡಿಕೊಳ್ಳಲಿ. ಏನೂ ಮಾಡದೆ ಇರುವುದು ಮಾತ್ರ ಬೇಡ.

ಮೋಸದ ಭಯ ಎಲ್ಲಿ ಹೆಚ್ಚು

ಈಗಿನ ವಂಚಕರ ಗುರಿ ಫೋನು, ಏಕೆಂದರೆ ಹಣ ಇರುವುದು ಅಲ್ಲಿ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರಿನಲ್ಲಿ ವಾಟ್ಸ್ಯಾಪಿಗೆ ಎಪಿಕೆ ಕಡತ, ಅಂದರೆ ಒತ್ತಿದರೆ ಫೋನಿನಲ್ಲಿ ಆ್ಯಪ್ ಆಗಿ ಕೂರುವ ಕಡತ, ಬರುತ್ತದೆ. ಒತ್ತಿ ಅನುಮತಿ ಕೊಟ್ಟರೆ ಅದು ನಿಮ್ಮ ಎಸ್ಸೆಮ್ಮೆಸ್ ಓದುತ್ತದೆ, ಓಟಿಪಿ ಅವರ ಕೈಗೆ ಹೋಗುತ್ತದೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಎಪಿಕೆಯಾಗಿ ಎಂದೂ ಬರುವುದಿಲ್ಲ ಎಂಬುದನ್ನು ಮನೆಯ ಹಿರಿಯರಿಗೆ ತಾಳ್ಮೆಯಿಂದ ಹೇಳಿಕೊಡಿ. ಕಂಪ್ಯೂಟರಿನಲ್ಲಿ ಅಪಾಯ ಬೇರೆ ಬಗೆಯದು: ಕದ್ದ ತಂತ್ರಾಂಶದ ಪ್ರತಿಗಳು, ಊರೆಲ್ಲ ಸುತ್ತಿ ಬಂದ ಪೆನ್‌ಡ್ರೈವ್, 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ' ಎಂಬ ಪುಟಗಳು. ಯಾವುದರಲ್ಲೇ ಹಣ ಹೋದರೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಹೊತ್ತಿನಲ್ಲೇ.

ಎಷ್ಟು ವರ್ಷ ಬಾಳುತ್ತದೆ

ಫೋನು ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಎಂದು ಕೇಳಿ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಇವುಗಳಿಗೆ ಏಳು ವರ್ಷದ ಭರವಸೆ ಇದೆ. ಅಗ್ಗದ ಫೋನುಗಳಲ್ಲಿ ಇದು ಸಾಮಾನ್ಯವಾಗಿ ಕಡಿಮೆ, ಒಂದೇ ಬೆಲೆಯ ಎರಡು ಫೋನುಗಳ ನಡುವೆಯೂ ವ್ಯತ್ಯಾಸವಿರುತ್ತದೆ. ಹದಿನೈದು ಸಾವಿರದ ಎರಡು ಫೋನುಗಳಲ್ಲಿ ಹೆಚ್ಚು ವರ್ಷ ಅಪ್‌ಡೇಟ್ ಕೊಡುವುದನ್ನೇ ಆರಿಸಿ.

ಲ್ಯಾಪ್‌ಟಾಪಿನ ಬಲ ಅದರ ದುರಸ್ತಿಯಲ್ಲಿದೆ. ಅದರಲ್ಲೂ ಕಚೇರಿಗಳಿಗೆಂದು ತಯಾರಾದ ಹಳೆಯ ಮಾದರಿಗಳಲ್ಲಿ ರ್‍ಯಾಮ್, ಡಿಸ್ಕು, ಬ್ಯಾಟರಿ, ಕೀಲಿಮಣೆ ಎಲ್ಲವನ್ನೂ ಬಿಚ್ಚಿ ಬದಲಿಸಬಹುದು. ನಿಧಾನವಾಯಿತೆಂದು ಮೂಲೆಗೆ ಸೇರಿಸಿದ ಲ್ಯಾಪ್‌ಟಾಪಿನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಅದನ್ನು ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕು, ಹಾಕಿಸಿ ನೋಡಿ. ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಯಂತ್ರ ಸೆಕೆಂಡುಗಳಲ್ಲಿ ಏಳುತ್ತದೆ. ಹೊಸದು ಕೊಳ್ಳುವ ಮೊದಲು ಮಾಡಬೇಕಾದ ಮೊದಲ ಕೆಲಸ ಇದು.

ನಡುವಿನ ದಾರಿಗಳು

ಟ್ಯಾಬ್ ಓದಲು, ಪಾಠ ನೋಡಲು, ವಿಡಿಯೊ ಕರೆಗೆ ಸೊಗಸು. ಬ್ಲೂಟೂತ್ ಕೀಲಿಮಣೆ ಜೋಡಿಸಿದರೆ ಇಂಗ್ಲಿಷ್ ಬರಹಕ್ಕೂ ಆಗುತ್ತದೆ. ಕನ್ನಡದ ವಿನ್ಯಾಸವನ್ನು ಹೊರಗಿನ ಕೀಲಿಮಣೆಗೆ ಹೊಂದಿಸುವುದು ಆಂಡ್ರಾಯ್ಡಿನಲ್ಲಿ ಕಂಪ್ಯೂಟರಿನಷ್ಟು ಸಲೀಸಲ್ಲ. ಕೀಲಿಮಣೆ, ಕವರು ಎಲ್ಲ ಸೇರಿ ಬೆಲೆ ಲ್ಯಾಪ್‌ಟಾಪಿನ ಹತ್ತಿರ ಬಂದರೆ ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳಿ.

ಫೋನನ್ನೇ ಮಾನಿಟರಿಗೆ ಜೋಡಿಸಿ ಕಂಪ್ಯೂಟರಿನಂತೆ ಬಳಸುವುದು ಆಕರ್ಷಕ ಯೋಚನೆ. ಸ್ಯಾಮ್ಸಂಗ್ 2017ರಿಂದ ಡೆಕ್ಸ್ ಎಂಬ ಹೆಸರಿನಲ್ಲಿ ಇದನ್ನು ಕೊಡುತ್ತಿದೆ. ಆದರೆ ಇದು ಸಿಗುವುದು ಹೆಚ್ಚಾಗಿ ದುಬಾರಿ ಮಾದರಿಗಳಲ್ಲಿ. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಹೊರಬರುತ್ತದೆಂದು ನಂಬಬೇಡಿ, ಅಗ್ಗದ ಫೋನುಗಳಲ್ಲಿ ಆ ಕಿಂಡಿ ಚಾರ್ಜಿಗೂ ಕಡತ ಸಾಗಿಸಲೂ ಮಾತ್ರ. ಆ ದುಬಾರಿ ಫೋನು ನಿಮ್ಮಲ್ಲಿ ಈಗಾಗಲೇ ಇದ್ದರೆ ಮಾನಿಟರು, ಕೀಲಿಮಣೆ ತಂದು ಧಾರಾಳವಾಗಿ ಪ್ರಯತ್ನಿಸಿ. ಇದಕ್ಕಾಗಿಯೇ ಕೊಳ್ಳುವುದು ಬೇಡ.

ಹಳೆಯ ಲ್ಯಾಪ್‌ಟಾಪು ಆರಿಸುವಾಗ

ಕಂಪ್ಯೂಟರ್ ಬೇಕೆಂದು ತೀರ್ಮಾನವಾಗಿ ಹಣ ಕಡಿಮೆ ಇದ್ದರೆ, ಕಚೇರಿಗಳಿಂದ ಬಂದು ದುರಸ್ತಿಯಾದ ಲ್ಯಾಪ್‌ಟಾಪುಗಳನ್ನು ನೋಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥ ಅಂಗಡಿಗಳ ಸಾಲೇ ಇದೆ. ಹುಬ್ಬಳ್ಳಿ, ಮೈಸೂರು, ಮಂಗಳೂರಿನಲ್ಲೂ ಸಿಗುತ್ತವೆ. ಬೆಲೆ ಏರಿಳಿಯುತ್ತಿರುತ್ತದೆ, ಮೂರ್ನಾಲ್ಕು ಕಡೆ ವಿಚಾರಿಸಿ.

ಮೊದಲು ನೋಡಬೇಕಾದದ್ದು ಪ್ರೊಸೆಸರಿನ ತಲೆಮಾರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲಿನದಾದರೆ ಎಂಟನೇ ತಲೆಮಾರು ಅಥವಾ ನಂತರದ್ದು ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಐ5-8250ಯು ಎಂದಿದ್ದರೆ ಗೆರೆಯ ನಂತರದ 8 ಎಂಬುದೇ ತಲೆಮಾರು. ಐ5-7200ಯು ಎಂದಿದ್ದರೆ ಏಳನೆಯದು. ಈ ಒಂದು ಅಂಕಿಯ ವ್ಯತ್ಯಾಸ ಅಂಗಡಿಯವರು ಹೇಳದೆ ಬಿಡುವ ಸಾಧ್ಯತೆ ಹೆಚ್ಚು. ರ್‍ಯಾಮ್ 8 ಜಿಬಿಗಿಂತ ಕಡಿಮೆ ಬೇಡ, ಡಿಸ್ಕು ಎಸ್‌ಎಸ್‌ಡಿಯೇ ಆಗಿರಲಿ.

ಅಂಗಡಿಯಲ್ಲೇ ಅರ್ಧ ಗಂಟೆ ಕೂತು ಪರೀಕ್ಷಿಸಿ. ಒಂದು ಖಾಲಿ ಪುಟ ತೆರೆದು ಪ್ರತಿಯೊಂದು ಕೀಲಿಯನ್ನೂ ಒತ್ತಿ; ಎಫ್ ಕೀಲಿ ಸರಿಯಿಲ್ಲದ ಲ್ಯಾಪ್‌ಟಾಪಿನಲ್ಲಿ ಕಗಪ ವಿನ್ಯಾಸದಿಂದ ಒತ್ತಕ್ಷರ ಬರೆಯಲಾಗದು. ಪರದೆಯನ್ನು ಪೂರ್ತಿ ಬಿಳಿ ಮಾಡಿ ಕಲೆ ಹುಡುಕಿ. ಕೀಲುಗಳು ಸಡಿಲವಾಗಿವೆಯೇ ನೋಡಿ. ವಿಂಡೋಸಿನ ಬ್ಯಾಟರಿ ವರದಿ ತೆಗೆಸಿ, ಮೊದಲಿನ ಸಾಮರ್ಥ್ಯದಲ್ಲಿ ಎಷ್ಟು ಉಳಿದಿದೆ ಎಂದು ಕೇಳಿ. ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಮಾತಾಡಿ. ವಿಂಡೋಸ್ ಸಕ್ರಿಯವಾಗಿದೆಯೇ ಎಂಬುದು ಸೆಟ್ಟಿಂಗ್ಸಿನಲ್ಲಿ ಕಾಣುತ್ತದೆ. ಯಂತ್ರ ಆರಂಭವಾಗುವಾಗ ಬಯೋಸ್ ಪಾಸ್‌ವರ್ಡ್ ಕೇಳಿದರೆ, ಅಥವಾ ಯಾವುದೋ ಸಂಸ್ಥೆಯ ಹೆಸರು ಬಂದು ಅಲ್ಲೇ ನಿಂತರೆ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.

ಮನೆಯಲ್ಲೇ ಏಳನೇ ತಲೆಮಾರಿನದೋ ಅದಕ್ಕಿಂತ ಹಳೆಯದೋ ಒಂದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ಗೆ ಹಾಕಿ, ಏನನ್ನೂ ಅಳಿಸದೆ ಅದರಿಂದಲೇ ಚಾಲೂ ಮಾಡಿ ನೋಡಬಹುದು. ವೈಫೈ, ಧ್ವನಿ, ಕ್ಯಾಮೆರಾ ಕೆಲಸ ಮಾಡುತ್ತಿದ್ದರೆ, ಮುಖ್ಯವಾದ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟು ಅದನ್ನೇ ಶಾಶ್ವತವಾಗಿ ಹಾಕಿಕೊಳ್ಳಿ. ಜಾಲತಾಣ ನೋಡಲು, ಲಿಬ್ರೆ ಆಫೀಸಿನಲ್ಲಿ ಬರೆಯಲು, ಮಕ್ಕಳು ಪೈಥಾನ್ ಪ್ರೋಗ್ರಾಮಿಂಗ್ ಕಲಿಯಲು ಅಷ್ಟು ಸಾಕು. ಟ್ಯಾಲಿ ಬೇಕಾದವರಿಗೆ, ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೆ ಮಾತ್ರ ಇದು ಒಗ್ಗುವುದಿಲ್ಲ. ತಂದ ಯಂತ್ರದಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಡಿ, ಅಪ್ಪನ ಬ್ಯಾಂಕಿನ ಪಾಸ್‌ವರ್ಡು ಮಕ್ಕಳ ಆಟದ ಪುಟಗಳೊಂದಿಗೆ ಒಂದೇ ಬ್ರೌಸರಿನಲ್ಲಿ ಇರಬಾರದು.